ಕಿಡ್ನಿ ಕಸಿ ಆದ ಮೇಲೆ: ನೋವಿಲ್ಲ ಅಂದರೆ ಎಲ್ಲ ಸರಿ ಇದೆ ಅಂತಲ್ಲ

ನನಗೆ ಕಿಡ್ನಿ ಕಸಿ ಆಗಿ ಕೆಲವು ವರ್ಷ ಆಯಿತು. ಕೊಟ್ಟದ್ದು ಅಮ್ಮ. ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಆಸ್ಪತ್ರೆ ಗಡಿಯಾಚೆ ಮಂಗಳೂರಿನಲ್ಲಿ. ಮೊನ್ನೆ ಹೊಸದಾಗಿ ಕಸಿ ಮಾಡಿಸಿಕೊಂಡ ನೆರೆಮನೆಯ ಅಣ್ಣ "ನೋವೇನೂ ಇಲ್ಲ, ಹಾಗಾದ್ರೆ ಸರಿ ಇದೆ ಅಲ್ವಾ?" ಎಂದು ಕೇಳಿದರು. ಹಾಗೇನಿಲ್ಲ. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸಲು ಶುರು ಮಾಡಿದರೂ ಎಷ್ಟೋ ಸಲ ಏನೂ ಗೊತ್ತಾಗುವುದಿಲ್ಲ, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಶ್ಮಲ) ಮಾತ್ರ ಸದ್ದಿಲ್ಲದೆ ಏರಿರುತ್ತದೆ.

ಅದಕ್ಕೆ ಒಂದು ನೋಟ್‌ಬುಕ್ ಇಡಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಚಾ ಕುಡಿಯುವ ಮೊದಲು ತೂಕ, ಬಿಪಿ, ಜ್ವರ ನೋಡಿ ಬರೆಯಿರಿ. ಒಂದೆರಡು ದಿನದಲ್ಲಿ ಒಂದು ಕಿಲೋಗಿಂತ ಜಾಸ್ತಿ ಏರಿದರೆ ಅದು ಮದುವೆ ಊಟದ ತೂಕ ಅಂತ ಸುಮ್ಮನಿರಬೇಡಿ, ಮೈಯಲ್ಲಿ ನೀರು ನಿಂತಿರಬಹುದು. ಮೂತ್ರ ಕಡಿಮೆಯಾದರೆ, ಕಾಲು ಊದಿದರೆ, ಕಿಬ್ಬೊಟ್ಟೆಯಲ್ಲಿ ಕಸಿ ಮಾಡಿದ ಕಡೆ ನೋವು ಬಂದರೆ (ಹೊಸ ಕಿಡ್ನಿ ಇರುವುದು ಅಲ್ಲೇ, ಬೆನ್ನಿನಲ್ಲಲ್ಲ), ಜ್ವರ 100.4 ಡಿಗ್ರಿ ಮುಟ್ಟಿದರೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ. ಪ್ಯಾರಸಿಟಮಾಲ್ ನುಂಗಿ "ನಾಳೆ ನೋಡುವ" ಅನ್ನಬೇಡಿ.

ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ಮಾತ್ರೆ ನನಗೆ 12 ಗಂಟೆಗೊಮ್ಮೆ. ರಕ್ತದಲ್ಲಿ ಈ ಔಷಧಿ ಎಷ್ಟಿದೆ ಎಂದು ನೋಡುವ ಲೆವೆಲ್ ಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆಯೇ ಬೆಳಗಿನ ಮಾತ್ರೆ. ಒಮ್ಮೆ ನಾನು ಬಸ್ಸು ಹಿಡಿಯುವ ಅವಸರದಲ್ಲಿ, ಅಭ್ಯಾಸಬಲದಿಂದ ಮನೆಯಲ್ಲೇ ನುಂಗಿ ಹೋದೆ. ಲೆವೆಲ್ ಆಕಾಶಕ್ಕೆ! ಡಾಕ್ಟರು ಡೋಸ್ ಇಳಿಸಲು ಹೊರಟಿದ್ದರು, ಪುಣ್ಯಕ್ಕೆ ಬಾಯಿಬಿಟ್ಟೆ. ಈಗ ಆ ದಿನದ ಮಾತ್ರೆಯನ್ನು ಇಡ್ಲಿ ಬುತ್ತಿಯ ಜೊತೆಗೇ ಕಟ್ಟಿಕೊಳ್ಳುತ್ತೇನೆ. ಭೇದಿಯಾದರೂ ಲೆವೆಲ್ ಏರುತ್ತದೆ. ಅಂಗಡಿಯವರು ಬೇರೆ ಕಂಪನಿಯ ಮಾತ್ರೆ ಕೊಟ್ಟರೆ ಡಾಕ್ಟರನ್ನು ಕೇಳದೆ ತಗೊಳ್ಳಬೇಡಿ. ಕೈ ನಡುಕ, ಹೊಸದಾಗಿ ಸಕ್ಕರೆ ಕಾಯಿಲೆ, ಇವೂ ಈ ಔಷಧಿಗಳ ಕಾಣಿಕೆಯೇ. ಹಾಗಂತ ನೀವಾಗಿ ನಿಲ್ಲಿಸಬೇಡಿ.

ಇನ್ನು ನಮ್ಮ ಊರಿನದೇ ಕೆಲವು ಅಪಾಯ. ಬಿಂಬುಳಿ ಉಪ್ಪಿನಕಾಯಿಯ ಒಂದು ತುಂಡಿಗೆ ಹೆದರಬೇಡಿ ಅನ್ನುವವರಿದ್ದಾರೆ, ನಾನಂತೂ ಮುಟ್ಟುವುದಿಲ್ಲ. ಕೊಲೆಸ್ಟ್ರಾಲ್ ಇಳಿಯುತ್ತದೆ ಅಂತ ಅದರ ರಸ ಕುಡಿದು ಕಿಡ್ನಿ ಕೆಡಿಸಿಕೊಂಡವರು ಕೇರಳದಲ್ಲೇ ಇದ್ದಾರೆ, ಕಿಡ್ನಿಯಲ್ಲಿ ಹರಳಾಗಿ ಕೂರುವ ಆಕ್ಸಲೇಟ್ ಅದರಲ್ಲಿ ಅಷ್ಟು ಜಾಸ್ತಿ. ದಾರೆಹುಳಿಯೂ (ಸ್ಟಾರ್ ಫ್ರೂಟ್) ಅದೇ ಜಾತಿ. ಚಕ್ಕೋತ ಬೇಡ, ಟ್ಯಾಕ್ರೋಲಿಮಸ್ ಲೆವೆಲ್ ಏರಿಸಬಹುದು. ರಕ್ತದಲ್ಲಿ ಪೊಟ್ಯಾಷಿಯಂ ಹೆಚ್ಚಿದ್ದರೆ ಬೊಂಡವೂ (ಎಳನೀರು) ಬೇಡ. ಮಾವ ಪ್ರೀತಿಯಿಂದ ಅಮೃತಬಳ್ಳಿ ಕಷಾಯ ತಂದರೆ ಕೈಮುಗಿದು ಬೇಡ ಅನ್ನಿ: ನಾವು ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸಿ ಇಟ್ಟವರು, ಅದನ್ನು ಎಬ್ಬಿಸುವುದು ಯಾಕೆ?

ಮಳೆಗಾಲದಲ್ಲಿ ಬರಿಗಾಲಲ್ಲಿ ತೋಟಕ್ಕೆ ಇಳಿಯಬೇಡಿ. ಇಲಿಜ್ವರ ಬರುವುದು ಇಲಿಯ ಮೂತ್ರ ಸೇರಿದ ಕೆಸರು ನೀರಿನಿಂದ. ಗಂಬೂಟು ಹಾಕಿ, ಅಡಿಕೆ ಹೆಕ್ಕುವುದನ್ನು ಬೇರೆಯವರಿಗೆ ಬಿಟ್ಟರೆ ಇನ್ನೂ ಒಳ್ಳೆಯದು. ಬಾವಿ ನೀರು ಕುದಿಸಿಯೇ ಕುಡಿಯಿರಿ.

ಸೊಂಟ ನೋವಿಗೆ ಹತ್ತಿರದ ಕ್ಲಿನಿಕ್ಕಿಗೆ ಹೋದರೆ ಮೊದಲ ಮಾತೇ "ನನ್ನದು ಕಸಿ ಕಿಡ್ನಿ" ಎಂದಾಗಿರಲಿ. ನಾನು ಹೇಳುವ ಮೊದಲೇ ಸೂಜಿ ಚುಚ್ಚಿ ಆಗಿತ್ತು, ಕಿಡ್ನಿಗೆ ಆಗದ ನೋವಿನ ಔಷಧಿ ಡೈಕ್ಲೋಫೆನಾಕ್. 1.2 ಇದ್ದ ಕ್ರಿಯಾಟಿನಿನ್ 1.9ಕ್ಕೆ ಹೋಗಿ, ಇಳಿಯಲು ಮೂರು ವಾರ ಹಿಡಿಯಿತು.

ಮಾತ್ರೆ ಯಾವಾಗಲೂ ಕನಿಷ್ಠ ಎರಡು ವಾರಕ್ಕೆ ಮಿಕ್ಕಿ ಇರಲಿ. 2020ರ ಮಾರ್ಚ್‌ನಲ್ಲಿ, ಕೊರೊನಾ ಕಾಲದಲ್ಲಿ, ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ನಮ್ಮವರು ಆಂಬುಲೆನ್ಸಿನಲ್ಲಿ ಹೋದರೂ ಮಂಗಳೂರು ಮುಟ್ಟಲು ಆಗದೆ ವಾಪಸ್ ಬಂದದ್ದು ನೆನಪಿದೆ ಅಲ್ವಾ?