ಬರೆದದ್ದು ‘ಅಲ್ಲ’, ಬೇಕಿದ್ದದ್ದು ‘ಇಲ್ಲ’

ಸಾಲದ ಅರ್ಜಿಗಳನ್ನು ಪರಿಶೀಲಿಸುವ ಸಿಸ್ಟಮ್ ಒಂದಕ್ಕೆ ಡ್ರೂಲ್ಸ್‌ನಲ್ಲಿ (ಷರತ್ತು ನಿಜವಾದಾಗ ಹೇಳಿದ ಕೆಲಸ ಮಾಡುವ ಜಾವಾ ರೂಲ್ ಎಂಜಿನ್) ರೂಲ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೊದಲನೇ ರೂಲ್ ತೀರಾ ಸುಲಭ ಅನಿಸಿತು. ವಿಳಾಸದ ದಾಖಲೆ ಕೊಡದಿದ್ದರೆ ಅರ್ಜಿಯನ್ನು ತಡೆಹಿಡಿಯಬೇಕು, ಅಷ್ಟೇ. ಐದು ನಿಮಿಷದಲ್ಲಿ ಬರೆದು ಮುಗಿಸಿದೆ.

ಟೆಸ್ಟ್‌ಗೆ ಒಂದು ಅರ್ಜಿ ಹಾಕಿದೆ. ಅದಕ್ಕೆ ಗುರುತು, ವಿಳಾಸ, ಆದಾಯ ಮೂರೂ ದಾಖಲೆ ಇದ್ದವು. ಆದರೂ ರೂಲ್ ಫೈರ್ ಆಯಿತು, ಅಂದರೆ ಷರತ್ತು ನಿಜವೆಂದು ತಿಳಿದು ಕೆಲಸ ಮಾಡಿತು, ಅದೂ ಎರಡು ಸಲ! ಆಮೇಲೆ ಒಂದೂ ದಾಖಲೆ ಇಲ್ಲದ ಅರ್ಜಿ ಹಾಕಿದರೆ ಅದು ಆರಾಮಾಗಿ ಪಾಸಾಗಿ ಹೋಯಿತು.

ನಾನು ಬರೆದ ಷರತ್ತು ಹೀಗಿತ್ತು: ದಾಖಲೆ(ಬಗೆ != "ವಿಳಾಸ"). != ಅಂದರೆ ‘ಸಮ ಅಲ್ಲ’. ಈ ಷರತ್ತನ್ನು ಎಂಜಿನ್ ಓದುವುದು ‘ವಿಳಾಸದ್ದಲ್ಲದ ಒಂದು ದಾಖಲೆ ಇದೆ’ ಎಂದು. ಗುರುತಿನ ದಾಖಲೆ ವಿಳಾಸದ್ದಲ್ಲ, ಆದಾಯದ ದಾಖಲೆಯೂ ವಿಳಾಸದ್ದಲ್ಲ. ಹಾಗಾಗಿ ಎರಡು ಸಲ ಫೈರ್ ಆಯಿತು. ಏನೂ ಇಲ್ಲದ ಅರ್ಜಿಯಲ್ಲಿ ಹೋಲಿಸಿ ನೋಡಲು ದಾಖಲೆಯೇ ಇರಲಿಲ್ಲ, ರೂಲ್ ಸುಮ್ನೆ ಕೂತಿತು. ಬರೆಯಬೇಕಿದ್ದದ್ದು ಇದು: ನಾಟ್ ದಾಖಲೆ(ಬಗೆ == "ವಿಳಾಸ"), ಅಂದರೆ ‘ವಿಳಾಸದ ದಾಖಲೆ ಇಲ್ಲ’.

ಇಂಗ್ಲಿಷಿನಲ್ಲಿ ಎರಡಕ್ಕೂ ‘ನಾಟ್’ ಅಂದುಬಿಡುತ್ತಾರೆ. ನಮಗೆ ಆ ಗೊಂದಲ ಇರಬೇಕಾಗಿಲ್ಲ, ‘ಅಲ್ಲ’ ಬೇರೆ, ‘ಇಲ್ಲ’ ಬೇರೆ ಅಲ್ವಾ? ಅವತ್ತಿನಿಂದ ರೂಲನ್ನು ಮೊದಲು ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ. ಬಾಯಿಗೆ ‘ಅಲ್ಲ’ ಬಂದರೆ !=, ‘ಇಲ್ಲ’ ಬಂದರೆ ನಾಟ್. ತಮಾಷೆಯಾಗಿ ಕಂಡರೂ ನನಗೆ ಇದರಿಂದ ಆದಷ್ಟು ಉಪಯೋಗ ಯಾವ ಟೂಲ್‌ನಿಂದಲೂ ಆಗಿಲ್ಲ.

ಆದರೆ ‘ಇಲ್ಲ’ ಅಂದ ಮೇಲೆ ಯಾರದ್ದು ಇಲ್ಲ ಅಂತಲೂ ಹೇಳಬೇಕು. ಒಂದೇ ಸೆಷನ್‌ಗೆ, ಅಂದರೆ ಎಂಜಿನ್ ಒಟ್ಟಿಗೆ ನೋಡುವ ಒಂದೇ ಗುಂಪಿಗೆ, ಎರಡು ಅರ್ಜಿ ಹಾಕಿದ ದಿನ ಇದು ಗೊತ್ತಾಯಿತು. ಮೊದಲನೆಯವರ ವಿಳಾಸದ ದಾಖಲೆ ಇತ್ತು, ಎರಡನೆಯವರದ್ದು ಇರಲಿಲ್ಲ. ಇಬ್ಬರೂ ಪಾಸ್. ‘ವಿಳಾಸದ ದಾಖಲೆ ಎಲ್ಲೂ ಇಲ್ಲ’ ಅಂತ ನಾನು ಕೇಳಿದ್ದೆ, ಒಂದು ಎಲ್ಲೋ ಇತ್ತು. ಮೊದಲು ಅರ್ಜಿಯ ಷರತ್ತು ಬರೆದು, ಅದರ ಐಡಿಯನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದು, ನಾಟ್ ಒಳಗೆ ದಾಖಲೆಯ ಅರ್ಜಿ ಐಡಿಯನ್ನು ಅದಕ್ಕೆ ಹೋಲಿಸಿದ ಮೇಲೆ ಸರಿಹೋಯಿತು. ತಿರುಗಿಸಿ ಮಾಡಲು ಹೋಗಬೇಡಿ. ನಾಟ್ ಒಳಗೆ ಹಿಡಿದ ವೇರಿಯಬಲ್ ಹೊರಗೆ ಸಿಗುವುದಿಲ್ಲ. ಇಲ್ಲದ ವಸ್ತುವಿನ ಐಡಿ ಎಲ್ಲಿಂದ ತರುವುದು?

ನನ್ನ ತಲೆ ಜಾಸ್ತಿ ತಿಂದದ್ದು ‘ಯಾವಾಗ ಇಲ್ಲ’ ಎಂಬ ಪ್ರಶ್ನೆ. ಎಂಜಿನ್‌ಗೆ ಕಾಣುವುದು ವರ್ಕಿಂಗ್ ಮೆಮೊರಿ ಮಾತ್ರ, ಅಂದರೆ ನಾವು ಸೆಷನ್‌ಗೆ ಇನ್ಸರ್ಟ್ ಮಾಡಿ ಸೇರಿಸಿದ್ದು. ಡೇಟಾಬೇಸ್‌ನಲ್ಲಿ ದಾಖಲೆ ಇದ್ದರೂ ಇನ್ಸರ್ಟ್ ಮಾಡಿರದಿದ್ದರೆ ಅದರ ಪಾಲಿಗೆ ಇಲ್ಲ. ನಮ್ಮ ಕೋಡ್ ಅರ್ಜಿಯನ್ನು ಇನ್ಸರ್ಟ್ ಮಾಡಿ, ಕೂಡಲೇ ರೂಲ್‌ಗಳನ್ನು ಓಡಿಸುವ ಫೈರ್‌ಆಲ್‌ರೂಲ್ಸ್ ಕರೆದು, ದಾಖಲೆಗಳನ್ನು ಆಮೇಲೆ ತರುತ್ತಿತ್ತು. ಪಾಪ, ಎಂಜಿನ್ ಆ ಕ್ಷಣಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ಎಲ್ಲ ಇನ್ಸರ್ಟ್ ಮುಗಿದ ಮೇಲೆ ಒಂದೇ ಸಲ ಫೈರ್ ಮಾಡುವಂತೆ ಬದಲಿಸಿದೆವು.

ಸೆಷನ್ ತೆರೆದಿರುವಾಗಲೇ ತಡವಾಗಿ ಬರುವ ದಾಖಲೆಗಳಿಗೆ ಇನ್ಸರ್ಟ್‌ಲಾಜಿಕಲ್ ಬಳಸಿದೆ. ನಾಟ್ ಷರತ್ತು ನಿಜವಾದಾಗ ರೂಲ್ ಒಂದು ‘ಕೊರತೆ’ ಆಬ್ಜೆಕ್ಟ್ ಸೇರಿಸುತ್ತದೆ. ದಾಖಲೆ ಬಂದ ಮೇಲೆ ಷರತ್ತು ಸುಳ್ಳಾಗುತ್ತದೆ, ಎಂಜಿನ್ ತಾನೇ ಆ ಕೊರತೆಯನ್ನು ತೆಗೆಯುತ್ತದೆ. ಮೊದಲು ಇದಕ್ಕೆಂದೇ ಅಳಿಸುವ ರೂಲ್ ಒಂದನ್ನು ಬೇರೆ ಬರೆದಿದ್ದೆ, ಅದನ್ನು ಕಿತ್ತುಹಾಕಿದೆ. ಒಂದು ಎಚ್ಚರ: ರೂಲ್ ಒಳಗಿಂದಲೇ ಇಮೇಲ್ ಕಳಿಸಿದರೆ ಅದನ್ನು ಯಾವ ಎಂಜಿನ್ನೂ ವಾಪಸ್ ತರುವುದಿಲ್ಲ. ಕೊನೆಗೆ ಉಳಿದ ಕೊರತೆಗಳನ್ನು ಜಾವಾ ಕಡೆ ಒಟ್ಟುಮಾಡಿ, ಇಮೇಲನ್ನು ಅಲ್ಲಿಂದ ಕಳಿಸಿದೆ.

ಇದೇ ಹುರುಪಿನಲ್ಲಿ ‘ಸ್ಥಿತಿ ಆಬ್ಜೆಕ್ಟ್ ಇಲ್ಲದಿದ್ದರೆ ಒಂದನ್ನು ಸೇರಿಸು’ ಎಂಬ ರೂಲ್‌ಗೂ ಇನ್ಸರ್ಟ್‌ಲಾಜಿಕಲ್ ಹಾಕಿ ಸಿಕ್ಕಿಬಿದ್ದೆ. ಸೇರಿಸಿದ ತಕ್ಷಣ ‘ಇಲ್ಲ’ ಸುಳ್ಳಾಯಿತು, ಆಬ್ಜೆಕ್ಟ್ ಹೋಯಿತು. ಹೋದ ತಕ್ಷಣ ಮತ್ತೆ ‘ಇಲ್ಲ’ ನಿಜವಾಯಿತು. ಪ್ರೊಸೆಸ್ಸನ್ನು ಕೊಲ್ಲುವವರೆಗೂ ಸುತ್ತುತ್ತಲೇ ಇತ್ತು. ಅಲ್ಲಿಗೆ ಸಾದಾ ಇನ್ಸರ್ಟ್ ಸಾಕು.

ನಲ್ (ಅಂದರೆ ಮೌಲ್ಯವನ್ನೇ ತುಂಬಿಲ್ಲದ್ದು) ಬಗ್ಗೆ ಎರಡು ಮಾತು. ದಾಖಲೆ ಇದೆ, ಅದರ ಸಂಖ್ಯೆ ನಲ್ ಆಗಿದೆ ಅನ್ನುವುದಕ್ಕೂ ದಾಖಲೆಯೇ ಇಲ್ಲ ಅನ್ನುವುದಕ್ಕೂ ಬೇರೆ ಬೇರೆ ರೂಲ್ ಬರೆಯಿರಿ. ಅರ್ಜಿದಾರರಿಗೆ ಹೇಳಬೇಕಾದದ್ದೂ ಬೇರೆ: ಒಬ್ಬರಿಗೆ ‘ಸಂಖ್ಯೆ ತುಂಬಿ’, ಇನ್ನೊಬ್ಬರಿಗೆ ‘ದಾಖಲೆ ಕೊಡಿ’.

ಎಲ್ಲ ಸರಿಯಾಯಿತು ಅಂದುಕೊಂಡಾಗ ಮತ್ತೊಂದು ಖಾಲಿ ಅರ್ಜಿ ಪಾಸಾಯಿತು. ಈ ಸಲ ‘ಎಲ್ಲ ದಾಖಲೆಗಳೂ ಪರಿಶೀಲನೆಯಾಗಿದ್ದರೆ ಮುಂದೆ ಕಳಿಸು’ ಎಂಬ ರೂಲ್‌ನಿಂದ. ಅದನ್ನು ‘ಎಲ್ಲವೂ ಹೀಗಿವೆಯಾ’ ಎಂದು ಕೇಳುವ ಫಾರ್‌ಆಲ್‌ನಲ್ಲಿ ಬರೆದಿದ್ದೆ. ಫಾರ್‌ಆಲ್ ಒಳಗೆ ಬಿಚ್ಚಿ ನೋಡಿದರೆ ಅದೂ ಒಂದು ನಾಟ್: ‘ಪರಿಶೀಲನೆಯಾಗದ ದಾಖಲೆ ಇಲ್ಲ’. ದಾಖಲೆಯೇ ಇಲ್ಲದ ಅರ್ಜಿಯಲ್ಲಿ ಪರಿಶೀಲನೆಯಾಗದ್ದು ಎಲ್ಲಿರುತ್ತದೆ? ಅದರ ಮೇಲೆ ಎಕ್ಸಿಸ್ಟ್ಸ್ ಬಳಸಿ ‘ಈ ಅರ್ಜಿಯ ದಾಖಲೆ ಒಂದಾದರೂ ಇದೆ’ ಎಂಬ ಸಾಲು ಸೇರಿಸಿದೆ. ಖಾಲಿ ಅರ್ಜಿ ಈಗ ನನ್ನ ಟೆಸ್ಟ್‌ಗಳಲ್ಲಿ ಮೊದಲನೆಯದು.