ಮದುವೆ ಕಾಗದದಲ್ಲಿ ಪಾಸಾದ ಗಣಿತ

ಫಸ್ಟ್ ಸೆಮ್‌ನಲ್ಲಿ ನನಗೆ ಎರಡು ಬ್ಯಾಕ್, ಅಂದರೆ ಎರಡು ವಿಷಯದಲ್ಲಿ ಫೇಲು. ಗಣಿತ, ಮತ್ತೆ ಎಲೆಕ್ಟ್ರಾನಿಕ್ಸ್. ಮೂರನೇ ಸೆಮ್ ಮುಗಿಯುವಾಗ ಒಂದೂ ಇರಲಿಲ್ಲ, ಗಣಿತದಲ್ಲಿ 70ರ ಮೇಲೆ ಬಂದಿತ್ತು. ಮದುವೆ ಆಮಂತ್ರಣದ ಕಾಗದದ ಹಿಂದೆ ಕನ್ನಡದಲ್ಲಿ ಪಾಠ ಬರೆದದ್ದಕ್ಕೆ ನಕ್ಕವರಿಗೆ ಉತ್ತರ ಕೊಡುವ ಆಸೆಯೂ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬೈಂದೂರು ಕಡೆಯವನು. ಹತ್ತನೇ ತನಕ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಪುಸ್ತಕ ಇಂಗ್ಲಿಷ್ ಆದರೂ ಲೆಕ್ಚರರು ಕನ್ನಡದಲ್ಲೇ ಬಿಡಿಸಿ ಹೇಳುತ್ತಿದ್ದರು. ಮಂಗಳೂರಿನ ಕಾಲೇಜಲ್ಲಿ ಬೋರ್ಡಿನ ಹತ್ತಿರ ಇಂಗ್ಲಿಷ್, ಬೆಂಚಿನಲ್ಲಿ ತುಳು. ಮೊದಲ ತಿಂಗಳು ಎರಡಕ್ಕೂ ಸುಮ್ನೆ ತಲೆ ಆಡಿಸಿದ್ದೇ ಜಾಸ್ತಿ.

ಸೀನಿಯರ್ ಒಬ್ಬರು, 'ಐದು ಮಾಡ್ಯೂಲಲ್ಲಿ ಮೂರು ಓದು, ಸಾಕು' ಅಂದರು (ಮಾಡ್ಯೂಲ್ ಅಂದರೆ ಸಿಲೆಬಸ್ಸಿನ ಒಂದು ಭಾಗ). ನಂಬಿದೆ. ಆ ಮೂರರಲ್ಲಿ ಒಂದು ಕೈಕೊಟ್ಟಿತು. ಮರುಮೌಲ್ಯಮಾಪನಕ್ಕೆ ಹಾಕಿದೆ. ಅಂಕ ಎರಡು ಏರಿತು, ಪಾಸು ಆಗಲಿಲ್ಲ, ದುಡ್ಡು ಹೋಯಿತು. ಟ್ಯೂಷನ್‌ಗೆ ಸುಮಾರು 3,000 ಕೊಟ್ಟೆ. ಅಲ್ಲೂ ಅದೇ ಇಂಗ್ಲಿಷ್, ಅದೇ ವೇಗ. ಪೀಜಿಗೆ ತಿಂಗಳಿಗೆ 6,000 ಬೇರೆ. ಅಪ್ಪ ಏನೂ ಅನ್ನಲಿಲ್ಲ, ಅದೇ ಕಷ್ಟ ಆದದ್ದು.

ಆಮೇಲೆ ಪಾಠವನ್ನು ಕನ್ನಡದಲ್ಲಿ ಹೇಳಿ ಮೊಬೈಲಲ್ಲಿ ರೆಕಾರ್ಡ್ ಮಾಡಿದೆ, ಬಸ್ಸಲ್ಲಿ ಕೇಳೋಣ ಅಂತ. ನಮ್ಮ ಸಿಟಿ ಬಸ್ಸು ಗೊತ್ತಲ್ವಾ? ಹಾರ್ನು, ಹಾಡು, ಕಂಡಕ್ಟರನ ವಿಸಿಲ್, 'ರೈಟ್ ಪೋಯಿ'. ನನ್ನ ಸ್ವರ ನನಗೇ ಕೇಳಲಿಲ್ಲ. ಮೂರೇ ದಿನಕ್ಕೆ ಬಿಟ್ಟೆ.

ಕೇಳಲು ಆಗದಿದ್ದರೆ ಬರೆಯೋಣ ಅನ್ನಿಸಿತು. ನೋಟ್‌ಬುಕ್ ಬಸ್ಸಲ್ಲಿ ನಿಲ್ಲುವುದಿಲ್ಲ. ಊರಿಗೆ ಹೋದಾಗ ಅಮ್ಮ ಹಳೇ ಮದುವೆ ಕಾಗದಗಳನ್ನು ಕಟ್ಟಿ ಇಟ್ಟದ್ದು ಕಣ್ಣಿಗೆ ಬಿತ್ತು. ದಪ್ಪ ಕಾರ್ಡು, ಹಿಂಬದಿ ಖಾಲಿ, ಖರ್ಚಿಲ್ಲ. ತೊಡೆ ಮೇಲೆ ಇಟ್ಟರೂ ಮಡಚುವುದಿಲ್ಲ. ಕಾಲೇಜಿಂದ ಜ್ಯೋತಿ ಸ್ಟಾಪ್ ತನಕ ಬಸ್ಸಲ್ಲಿ ಮುಕ್ಕಾಲು ಗಂಟೆ. ಮೊದಲ ಸ್ಟಾಪಲ್ಲೇ ಹತ್ತುವುದರಿಂದ ಸೀಟು ಖಾತ್ರಿ. ಪುಸ್ತಕ ತೆರೆಯದೆ, ಆ ದಿನ ಕೇಳಿದ್ದನ್ನು ಕನ್ನಡದಲ್ಲಿ ಬರೆಯುವುದು. ಒಂದು ಪಾಠಕ್ಕೆ ಒಂದೇ ಕಾರ್ಡು.

ಮ್ಯಾಟ್ರಿಕ್ಸಿನ (ಸಾಲು ಸಾಲಾಗಿ ಬರೆದ ಸಂಖ್ಯೆಗಳ ಪಟ್ಟಿ) ರ‍್ಯಾಂಕ್ ಕಾರ್ಡು ಇನ್ನೂ ಇದೆ. 'ಮೊದಲನೇ ಸಾಲು ಮುಟ್ಟಬೇಡ. ಎರಡನೇ ಸಾಲಲ್ಲಿ ಮೊದಲನೇದರ ಎರಡು ಪಟ್ಟು ಕಳೆ. ಕೆಳಗೆ ಸೊನ್ನೆ ಬರಬೇಕು. ಕೊನೆಗೆ ಪೂರ್ತಿ ಸೊನ್ನೆ ಆಗದೆ ಉಳಿದ ಸಾಲು ಎಷ್ಟೋ ಅಷ್ಟೇ ರ‍್ಯಾಂಕ್.' ಇಷ್ಟೇ. ರಾತ್ರಿ ನೋಟ್ಸ್ ಜೊತೆ ತಾಳೆ ನೋಡಿ, ತಪ್ಪಿದ್ದಕ್ಕೆ ಕೆಂಪು ಗೆರೆ. ಇಂಗ್ಲಿಷ್ ವಾಕ್ಯ ಬರೆಯುವುದು ಅದಾದ ಮೇಲೆ. ಶುರುವಿನಲ್ಲಿ ಕಾರ್ಡಿನ ಅರ್ಧ ಕೆಂಪೇ ಇರುತ್ತಿತ್ತು.

ರೂಮ್‌ಮೇಟ್ ನಕ್ಕ. 'ಕನ್ನಡದಲ್ಲಿ ಬರೆದ್ರೆ ಮಾರ್ಕ್ ಯಾರು ಕೊಡ್ತಾರೆ ಮಾರಾಯ?' ಮೊದಲ ಇಂಟರ್ನಲ್ಸಲ್ಲಿ (ಕಾಲೇಜೇ ನಡೆಸುವ ಟೆಸ್ಟು) ಅವನು ಹೇಳಿದ್ದೇ ಸರಿ ಅನ್ನಿಸಿತು. ವಿಷಯ ಗೊತ್ತಿತ್ತು, ಇಂಗ್ಲಿಷಲ್ಲಿ ಹೊರಗೆ ಬರಲಿಲ್ಲ. ಎರಡನೇ ಇಂಟರ್ನಲ್ಸ್ ಹೊತ್ತಿಗೆ ಕೈ ಕುದುರಿತು. ಬ್ಯಾಕ್ ಎರಡೂ ಒಂದೇ ಸಲಕ್ಕೆ ಹೋಯಿತು.

ಕಾರ್ಡಲ್ಲದೆ ಬೇರೆ ಸಣ್ಣ ಉಪಾಯಗಳೂ ಇದ್ದವು. ಹಾಜರಿ 85 ಶೇಕಡ ಬೇಕು ಅಂದರೆ 40 ಕ್ಲಾಸಿಗೆ 6 ರಜೆ. ನಾನು 4 ಮಾತ್ರ ಖರ್ಚು ಮಾಡುತ್ತಿದ್ದೆ. ಮಳೆಗಾಲದ ಜ್ವರಕ್ಕೆ 2 ಬೇಕೇ ಬೇಕು. ಒದ್ದೆ ಶೂ ಒಳಗೆ ರಾತ್ರಿ ಪೇಪರು ತುರುಕಿಟ್ಟರೆ ಬೆಳಿಗ್ಗೆ ಹಾಕುವಷ್ಟು ಒಣಗುತ್ತದೆ. ಕುಚ್ಚಲಕ್ಕಿ ಗಂಜಿಯ ಪ್ರಯೋಗವನ್ನೂ ಮಾಡಿದೆ. ಬೆಳಿಗ್ಗೆ ಸ್ವಲ್ಪ ಕುದಿಸಿ, ಪಾತ್ರೆಗೆ ಬೆಡ್‌ಶೀಟ್ ಸುತ್ತಿಟ್ಟರೆ ಸಂಜೆಗೆ ಬೆಂದಿರುತ್ತದೆ. ಕರೆಂಟ್ ಬಿಲ್ ನೋಡಿ ಪೀಜಿ ಆಂಟಿ ಸ್ಟವ್ ತೆಗೆಸುವ ತನಕ ಅದು ನಡೆಯಿತು.

ಲ್ಯಾಬ್ ವೈವಾಕ್ಕೆ, ಅಂದರೆ ಬಾಯಿ ಪರೀಕ್ಷೆಗೆ, ಬೇರೆ ಉಪಾಯ ಇದೆ. ಅದನ್ನು ಹೇಳುವುದಿಲ್ಲ, ತಮ್ಮ ಈ ವರ್ಷ ಕಾಲೇಜು ಸೇರಿದ್ದಾನೆ, ಅವನಿಗೆ ಇರಲಿ.

ಈಗ ಒಂದೇ ತೊಂದರೆ, ಕಾರ್ಡಿನ ಸ್ಟಾಕಿನದ್ದು. ಮಳೆಗಾಲದ ಒಂದು ತಿಂಗಳಿಗೆ ಇಲ್ಲಿ ಆಟಿ ಅನ್ನುತ್ತಾರೆ, ನಮ್ಮ ಕಡೆ ಆಸಾಡಿ. ಯಾವ ಹೆಸರಲ್ಲಿ ಕರೆದರೂ ಆ ತಿಂಗಳು ಮದುವೆ ಇಲ್ಲ. ಹೋದ ಸಲ ಅಮ್ಮ ನೆರೆಮನೆಯಿಂದ ಮೂವತ್ತು ನಲವತ್ತು ಕಾಗದ ಒಟ್ಟು ಮಾಡಿ ಬಸ್ಸಲ್ಲಿ ಕಳಿಸಿದ್ದಳು. ಅದರಲ್ಲಿ ಅರ್ಧ ಗೃಹಪ್ರವೇಶದ್ದು, ಎರಡೂ ಬದಿ ಪ್ರಿಂಟು.