ಗಂಜಿ ಹಚ್ಚಿದ ಕಾಗದದಲ್ಲಿ ಕಂಡ ಕಾರವಾರದ ಗಾಳಿ

ಕಾರವಾರದ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಓಝೋನ್ ಅಂದರೆ ಮಕ್ಕಳಿಗೆ ಗೊತ್ತಿರುವುದು ಮೇಲೆ ಆಕಾಶದಲ್ಲಿರುವ ಕೊಡೆ ಮಾತ್ರ. ಅದೇ ಅನಿಲ ನಾವು ಉಸಿರಾಡುವ ಎತ್ತರದಲ್ಲೂ ಹುಟ್ಟುತ್ತದೆ, ಇಲ್ಲಿ ಅದು ಶ್ವಾಸಕೋಶಕ್ಕೂ ಬೆಳೆಗೂ ಕೆಟ್ಟದ್ದು ಅಂದರೆ ನಂಬುವುದೇ ಇಲ್ಲ. ತೋರಿಸಿಯೇ ಬಿಡೋಣ ಅಂತ ಹೊರಟೆ.

1839ರಲ್ಲಿ ಓಝೋನನ್ನು ಪತ್ತೆ ಮಾಡಿದ ಶೋನ್‌ಬೈನ್ ಅವರ ಹೆಸರಿನ ಕಾಗದವೊಂದಿದೆ. ಮಾಡುವುದು ಸುಲಭ. 100 ಮಿಲಿ ನೀರಿಗೆ 5 ಗ್ರಾಂ ಕಾರ್ನ್‌ಫ್ಲೋರ್ ಹಾಕಿ ಗಂಜಿ ಕಾಯಿಸಬೇಕು. ಕೆಳಗಿಳಿಸಿ 1 ಗ್ರಾಂ ಪೊಟ್ಯಾಸಿಯಂ ಅಯೋಡೈಡ್ ಕದಡಬೇಕು. ಆರಿದ ಮೇಲೆ ಫಿಲ್ಟರ್ ಪೇಪರಿನ ಎರಡೂ ಬದಿಗೆ ಬ್ರಷ್‌ನಿಂದ ಹಚ್ಚಿ, ಕತ್ತಲೆಯಲ್ಲಿ ಒಣಗಿಸಬೇಕು. ಗಾಳಿಯಲ್ಲಿರುವ ಓಝೋನ್ ಅಯೋಡಿನ್ ಬಿಡಿಸುತ್ತದೆ, ಅದು ಗಂಜಿಗೆ ತಾಗಿ ನೇರಳೆ ಬಣ್ಣವಾಗುತ್ತದೆ.

ಮೊದಲ ಸಲ ನಾನೇ ತಪ್ಪಿದೆ. ಕಾಗದಗಳನ್ನು ಬಿಸಿಲಿಗೆ ಕಟ್ಟಿದ್ದೆ, ಬಿಸಿಲಿಗೇ ಬಣ್ಣ ಬಂದುಬಿಟ್ಟಿತ್ತು. ಆಮೇಲೆ ಮಾಡಿನ ನೆರಳಲ್ಲಿ ಕಟ್ಟಿದೆವು.

ಜನವರಿಯ ಒಂದು ಭಾನುವಾರ, ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ, ಒಂದು ಕಾಗದ ಹೆದ್ದಾರಿ 66ರ ಬದಿಯ ಅಂಗಡಿಯಲ್ಲಿ, ಇನ್ನೊಂದು ಒಳನಾಡಿನ ಕಡೆಗೆ ಹೋಗುವ ಕದ್ರಾ ದಾರಿಯ ವಿದ್ಯಾರ್ಥಿನಿಯ ಮನೆ ಜಗಲಿಯಲ್ಲಿ. ಮರುದಿನ ಎರಡನ್ನೂ ನೀರಲ್ಲಿ ಅದ್ದಿದೆವು. ಚಿಮಟದ ತುದಿಯಲ್ಲಿ ಹಿಡಿದಿದ್ದ ಜಗಲಿಯ ಕಾಗದ ಅಂಚಿನಿಂದ ಒಳಕ್ಕೆ ನಿಧಾನವಾಗಿ ನೇರಳೆಯಾಯಿತು. ಹೆದ್ದಾರಿಯದು ಮಾಸಲು ತಿಳಿ ಬಣ್ಣದಲ್ಲೇ ನಿಂತಿತು.

"ಸರ್, ಹೊಗೆ ಜಾಸ್ತಿ ಇರೋದು ರಸ್ತೇಲಿ ಅಲ್ವಾ? ಬಣ್ಣ ನಮ್ಮನೆ ಕಾಗದಕ್ಕೆ ಯಾಕೆ ಬಂತು?"

ಇಡೀ ವಿಷಯ ಇರುವುದೇ ಈ ಪ್ರಶ್ನೆಯಲ್ಲಿ. ಓಝೋನ್ ಯಾವ ಸೈಲೆನ್ಸರ್‌ನಿಂದಲೂ ಬರುವುದಿಲ್ಲ. ವಾಹನದ ಹೊಗೆಯ ನೈಟ್ರೋಜನ್ ಆಕ್ಸೈಡುಗಳು ಒಂದು ಕಡೆ. ಪೆಟ್ರೋಲಿನ ಆವಿ, ಬಣ್ಣದ ವಾಸನೆ, ದರಕು (ಉದುರಿದ ಒಣ ಎಲೆ) ಸುಟ್ಟ ಹೊಗೆ, ಮರಗಳೇ ಬಿಡುವ ಕೆಲವು ಆವಿಗಳು ಇನ್ನೊಂದು ಕಡೆ. ಇವೆರಡೂ ಬಿಸಿಲಲ್ಲಿ ಗಂಟೆಗಟ್ಟಲೆ ಬೆಂದರೆ ಓಝೋನ್ ಆಗುತ್ತದೆ. ಆದರೆ ಆಗಷ್ಟೇ ಹೊರಬಂದ ಹೊಗೆಯಲ್ಲಿನ ನೈಟ್ರಿಕ್ ಆಕ್ಸೈಡ್ ಅಲ್ಲೇ ಇರುವ ಓಝೋನನ್ನು ತಿಂದುಹಾಕುತ್ತದೆ. ಹಾಗಾಗಿ ಹೊಗೆ ಬಿಟ್ಟ ಜಾಗಕ್ಕಿಂತ ಗಾಳಿ ಹೋದ ದಿಕ್ಕಿನ ಊರಿಗೆ ಪೆಟ್ಟು ಜಾಸ್ತಿ. ಯಾರದೋ ಗಾಡಿ, ಯಾರದೋ ಉಸಿರು. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ನಮ್ಮ ಕರಾವಳಿಯಲ್ಲಿ ಗಾಳಿ ದಿನಕ್ಕೆರಡು ಸಲ ದಿಕ್ಕು ಬದಲಿಸುತ್ತದೆ. ರಾತ್ರಿಯ ನೆಲಗಾಳಿ ಹೊಗೆಯನ್ನು ಸಮುದ್ರದ ಮೇಲೆ ಒಯ್ಯುತ್ತದೆ. ಬೆಳಿಗ್ಗೆ ಅದು ಅಲ್ಲೇ ಬಿಸಿಲಿಗೆ ಬೇಯಬಹುದು, ಮಧ್ಯಾಹ್ನದ ಕಡಲ ಗಾಳಿಯ ಜೊತೆ ವಾಪಸ್ ಬರಬಹುದು.

ಜುಲೈಯಲ್ಲಿ ಮತ್ತೆ ಕಟ್ಟಿದೆವು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಈ ಕಾಗದಕ್ಕೆ ಬಣ್ಣವೂ ಜಾಸ್ತಿ ಬರುತ್ತದೆ. ಆದ್ದರಿಂದ ಬೇರೆ ಬೇರೆ ತಿಂಗಳ ಕಾಗದಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಹೋಲಿಸಬಾರದು. ಆದರೂ ಅಷ್ಟು ತೇವದ ಮಳೆಗಾಲದಲ್ಲಿ ಜಗಲಿಯ ಕಾಗದ ಹೆಚ್ಚುಕಡಿಮೆ ಬೆಳ್ಳಗೇ ಇತ್ತು. ಗಾಡಿಗಳೇನೂ ನಿಂತಿರಲಿಲ್ಲ. ಬಿಸಿಲಿಗೆ ಮೋಡ ಅಡ್ಡ ಇತ್ತು, ಗಾಳಿ ಅರಬ್ಬೀ ಸಮುದ್ರದಿಂದ ಚೊಕ್ಕಟವಾಗಿ ಬರುತ್ತಿತ್ತು.

ನಮ್ಮ ದೇಶದ ಮಿತಿ 8 ಗಂಟೆಯ ಸರಾಸರಿಗೆ ಘನ ಮೀಟರಿಗೆ 100 ಮೈಕ್ರೋಗ್ರಾಂ. ಅದನ್ನು ಅಳೆಯಲು ಯಂತ್ರವೇ ಬೇಕು, ಕಾಗದದಿಂದ ಆಗದು. ನಮ್ಮ ಶಾಲೆಯ ಹಿತ್ತಲಲ್ಲಿ ಮಾತ್ರ ಈಗ ದರಕಿಗೆ ಬೆಂಕಿ ಇಡುವುದಿಲ್ಲ. ಮಕ್ಕಳೇ ಗುಡಿಸಿ ತೆಂಗಿನ ಬುಡಕ್ಕೆ ಹಾಕುತ್ತಾರೆ.